ಮಡಿಕೇರಿಗೆ ವಸಂತ ಬಂದದ್ದು ಗೊತ್ತಾಗುವುದು ಹೇಗೆ? ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಚಳಿ ಇಳಿಯುವ ಈ ಹೊತ್ತಿನಲ್ಲಿ ಬಂದ ಪತ್ರಗಳಲ್ಲಿ ಹೆಚ್ಚಿನವು ಚಿಗುರು, ಹೂ, ಹಕ್ಕಿ ಮತ್ತು ಮೊದಲ ಮಳೆಯ ಸುತ್ತಲೇ ಇವೆ. ಮರ, ಕಾಫಿ, ಜೇನು ಬಲ್ಲವರಿಂದ ಉತ್ತರ ಬರೆಸಿ ಇಲ್ಲಿ ಕೊಟ್ಟಿದ್ದೇವೆ.

ಪ್ರಶ್ನೆ: ಯುಗಾದಿಯಿಂದ ವಸಂತ ಎಂದು ಮಕ್ಕಳಿಗೆ ಪಾಠ ಹೇಳುತ್ತೇವೆ. ಆದರೆ ಶಾಲೆಯ ಪಕ್ಕದ ಹಾಲುವಾಣದ ಮರ ಫೆಬ್ರವರಿಯಲ್ಲೇ ಹೂ ಬಿಟ್ಟಿದೆ. ನಮ್ಮೂರಿನಲ್ಲಿ ವಸಂತ ನಿಜವಾಗಿ ಶುರುವಾಗುವುದು ಯಾವಾಗ? ಮಕ್ಕಳಿಗೆ ಏನನ್ನು ನೋಡಲು ಹೇಳಲಿ?
– ಶಾಲಾ ಶಿಕ್ಷಕಿ, ಮಡಿಕೇರಿ

ಮೇಡಂ, ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಗೆ ವಸಂತ ಎರಡು ಕಂತಿನಲ್ಲಿ ಬರುತ್ತದೆ. ಮೊದಲನೆಯದು ಒಣ ವಸಂತ. ಜನವರಿ ಕೊನೆಯಿಂದ ಮಾರ್ಚ್‌ವರೆಗೆ, ಒಂದು ಹನಿ ಮಳೆಯೂ ಬೀಳದಿರುವಾಗ, ಮರಗಳು ಹೂವಾಗಿ ಚಿಗುರುತ್ತವೆ. ಎರಡನೆಯದು ಮಳೆಯ ವಸಂತ. ಮೊದಲ ಬೇಸಿಗೆ ಮಳೆ ಬಿದ್ದ ಮೇಲೆ ಕಾಫಿ ಹೂವಾಗುತ್ತದೆ, ನೆಲದ ಹುಲ್ಲು ಹಸಿರಾಗುತ್ತದೆ. ಯುಗಾದಿ ಸಾಮಾನ್ಯವಾಗಿ ಇವೆರಡರ ನಡುವೆ ಎಲ್ಲೋ ಬೀಳುತ್ತದೆ. ಆದ್ದರಿಂದ ನಿಮ್ಮ ಪಾಠವೂ ತಪ್ಪಲ್ಲ, ನಿಮ್ಮ ಹಾಲುವಾಣವೂ ತಪ್ಪಿಲ್ಲ.

ಮಳೆಯಿಲ್ಲದೆ ಚಿಗುರುವುದು ಹೇಗೆ ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಮರ ಎಲೆ ಉದುರಿಸಿದಾಗ ಎಲೆಯ ಮೂಲಕ ಆವಿಯಾಗಿ ಹೋಗುವ ನೀರು ನಿಲ್ಲುತ್ತದೆ. ಆಳದ ಬೇರು ಎಳೆದ ನೀರು ಕಾಂಡದಲ್ಲಿ ತುಂಬಿಕೊಂಡು ಮೊಗ್ಗಿಗೆ ಸಿಗುತ್ತದೆ. ಜೊತೆಗೆ ಹಗಲೂ ಬೆಳೆಯುತ್ತಿರುತ್ತದೆ. ನಮ್ಮ ಅಕ್ಷಾಂಶದಲ್ಲಿ ಡಿಸೆಂಬರ್ 21ರ ಹಗಲಿಗಿಂತ ಮಾರ್ಚ್ 20ರ ಹಗಲು ಸುಮಾರು 40 ನಿಮಿಷ ದೊಡ್ಡದು. ಮನುಷ್ಯರಿಗೆ ಇದು ಅಷ್ಟಾಗಿ ಗೊತ್ತಾಗದಿದ್ದರೂ ಅನೇಕ ಮರಗಳಿಗೆ ಗೊತ್ತಾಗುತ್ತದೆ. ಮಳೆಗಾಲದ ಮೊದಲೇ ಎಲೆ ಬಲಿತರೆ ಮರಕ್ಕೆ ಲಾಭವಿದೆ: ಮೋಡವಿಲ್ಲದ ಬಿಸಿಲು ಪೂರ್ತಿ ಸಿಗುತ್ತದೆ, ಎಲೆ ತಿನ್ನುವ ಹುಳುಗಳ ಕಾಟವೂ ಆಗ ಕಡಿಮೆ.

ನೋಡಬೇಕಾದವುಗಳ ಸರದಿ ಸರಿಸುಮಾರು ಹೀಗಿರುತ್ತದೆ. ಮೊದಲು ಮಾವಿನ ಹೂಗೊಂಚಲು ಮತ್ತು ಹಲಸಿನ ಎಳೆ ಮಿಡಿ. ಅದರ ಹಿಂದೆಯೇ ಎಲೆಯಿಲ್ಲದ ಕೊಂಬೆಗಳಲ್ಲಿ ಹಾಲುವಾಣ ಮತ್ತು ಬೂರುಗದ ಕೆಂಪು ಹೂ. ಬೂರುಗದ ಹೂ ಅಂಗೈಯಷ್ಟು ದೊಡ್ಡದು, ಐದು ದಪ್ಪ ಎಸಳಿನದು. ಬೆಳಿಗ್ಗೆ ಮರದಡಿ ಇಡೀ ಹೂಗಳೇ ಬಿದ್ದಿರುವುದರಿಂದ ಮೇಲೆ ನೋಡದೆಯೂ ಮಕ್ಕಳು ಗುರುತಿಸಬಲ್ಲರು. ಕುಶಾಲನಗರದ ಕಡೆಗೆ, ಒಣಸೀಮೆಗೆ ಇಳಿದರೆ ಫೆಬ್ರವರಿ–ಮಾರ್ಚ್‌ನಲ್ಲಿ ಮುತ್ತುಗ ಸಿಗುತ್ತದೆ. ಮಡಿಕೇರಿಯಲ್ಲೇ ಅದನ್ನು ಹುಡುಕಿ ನಿರಾಶರಾಗಬೇಡಿ, ಅದು ಹೆಚ್ಚು ಮಳೆ ಬೀಳುವ ಜಾಗದ ಮರವಲ್ಲ. ಆಮೇಲೆ ಹೊಂಗೆಯ ತಿಳಿಹಸಿರು ಚಿಗುರು, ನಾಗಸಂಪಿಗೆಯ ಕೆಂಪು ಚಿಗುರು, ಸುರಗಿಯ ಹೂ. ಸುರಗಿಯನ್ನು ಮಾತ್ರ ಯಾರೂ ತಪ್ಪಿಸಿಕೊಳ್ಳಬಾರದು. ಅದರ ಹೂ ಕೊಂಬೆಯ ತುದಿಯಲ್ಲಿರುವುದಿಲ್ಲ, ಎಲೆಗಳ ಹಿಂದೆ ಹಳೆಯ ಕೊಂಬೆಗೇ ಅಂಟಿದ ಬಿಳಿ ಗುಂಡು ಮೊಗ್ಗುಗಳಾಗಿ ಇರುತ್ತದೆ. ಹೀಗಾಗಿ ಎಷ್ಟೋ ಸಲ ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತದೆ.

ದಾಖಲೆ ಇಡುವ ಕ್ರಮ ಸರಿಯಿಲ್ಲದಿದ್ದರೆ ನೋಡಿದ್ದೆಲ್ಲ ವ್ಯರ್ಥ. ಶಾಲೆಯ ಸುತ್ತ ಐದು ಮರಗಳನ್ನು ಆರಿಸಿ, ಪ್ರತಿಯೊಂದಕ್ಕೂ ಸಂಖ್ಯೆ ಕೊಡಿ. ಮೊಳೆ ಹೊಡೆಯಬೇಡಿ, ಸಡಿಲವಾಗಿ ಹಗ್ಗ ಕಟ್ಟಿದರೆ ಸಾಕು. ವಾರಕ್ಕೊಮ್ಮೆ ಅದೇ ದಿನ, ಅದೇ ಜಾಗದಲ್ಲಿ ನಿಂತು ಏಳು ಸಂಗತಿ ನೋಡಿಸಿ: ಚಿಗುರು, ಬಲಿತ ಎಲೆ, ಹಣ್ಣೆಲೆ, ಮೊಗ್ಗು, ಅರಳಿದ ಹೂ, ಕಾಯಿ, ಹಣ್ಣು. ಪ್ರತಿಯೊಂದಕ್ಕೂ 0, 1 ಅಥವಾ 2 ಬರೆಯಲಿ. ಏನೂ ಇಲ್ಲದಿದ್ದರೆ 0, ಹರವಿನ ಮೂರರಲ್ಲೊಂದು ಭಾಗಕ್ಕಿಂತ ಕಡಿಮೆ ಇದ್ದರೆ 1, ಹೆಚ್ಚಿದ್ದರೆ 2.

ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಮೊದಲನೆಯದು, 'ಇಲ್ಲ' ಎಂಬುದನ್ನು ಬರೆಯದೇ ಬಿಡುವುದು. ಫೆಬ್ರವರಿ 18ಕ್ಕೆ ಹೂ ಕಂಡಿತು ಎಂದಷ್ಟೇ ಬರೆದರೆ ಅದು ಯಾವಾಗ ಅರಳಿತು ಎಂದು ಯಾರಿಗೂ ತಿಳಿಯುವುದಿಲ್ಲ. 11ಕ್ಕೆ ಇರಲಿಲ್ಲ, 18ಕ್ಕೆ ಇತ್ತು ಎಂದು ಬರೆದರೆ ಆ ವಾರದೊಳಗೆ ಎಂದು ಖಚಿತವಾಗುತ್ತದೆ. ಎರಡನೆಯದು, ಮೋರಿ ಅಥವಾ ಬಚ್ಚಲು ನೀರು ಹರಿಯುವ ಜಾಗದ ಮರವನ್ನು ಆರಿಸುವುದು. ಅಂಥ ಮರದ ದಿನಾಂಕವನ್ನು ಊರಿನ ಉಳಿದ ಮರಗಳ ಜೊತೆ ಹೋಲಿಸಲಾಗದು. ನಿಮ್ಮ ಶಾಲೆಯ ದಾಖಲೆ ದೇಶದ ದಾಖಲೆಗೂ ಸೇರಲಿ ಎಂದಿದ್ದರೆ 'ಸೀಸನ್‌ವಾಚ್' ಎಂಬ ಯೋಜನೆಯಿದೆ. ಪಕ್ಕದ ಕೇರಳದ ಶಾಲಾ ಮಕ್ಕಳು ಅದರಲ್ಲಿ ದೊಡ್ಡ ಸಂಖ್ಯೆಯಲ್ಲಿ ತೊಡಗಿಕೊಂಡಿದ್ದಾರೆ. ಕೊಡಗಿನ ಮಕ್ಕಳೂ ಸೇರಬೇಕೆಂಬುದು ನಮ್ಮ ಆಸೆ.

ಪ್ರಶ್ನೆ: ತೋಟದ ಹಾಲುವಾಣದ ಮರಗಳು ಹೂ ಬಿಡುವುದೇ ಇಲ್ಲ. ರಸ್ತೆ ಬದಿಯದು ಮಾತ್ರ ತುಂಬಾ ಬಿಟ್ಟಿದೆ. ಜಾತಿ ಬೇರೆಯೇ?
– ಓದುಗರು, ನಾಪೋಕ್ಲು

ಜಾತಿ ಒಂದೇ ಇರಬಹುದು. ತೋಟದಲ್ಲಿ ನೆರಳು ಹದ ಮಾಡಲು ವರ್ಷವರ್ಷವೂ ಕೊಂಬೆ ಕಡಿಯುತ್ತೀರಿ. ಹೂ ಬರುವುದು ಬಲಿತ ಕೊಂಬೆಯಲ್ಲಿ, ಎಲೆ ಉದುರಿದ ಮೇಲೆ. ಕಡಿದ ಕಡೆ ಬರುವ ಎಳೆ ಕವಲು ಎಲೆಯಲ್ಲೇ ಮುಂದುವರಿಯುತ್ತದೆ. ತೋಟದ ಅಂಚಿನಲ್ಲಿ ಒಂದೆರಡು ಮರವನ್ನು ಕಡಿಯದೆ ಬಿಟ್ಟುಬಿಡಿ. ಮಕರಂದಕ್ಕೆ ಬರುವ ಹಕ್ಕಿ, ಜೇನುಗಳಿಗೆ ಆ ತಿಂಗಳು ಅದು ದೊಡ್ಡ ಆಸರೆ.

ಪ್ರಶ್ನೆ: ಫೆಬ್ರವರಿ ಕೊನೆಯಲ್ಲಿ 30 ಸೆಂಟ್ ಮಳೆಯಾಯಿತು. ರೋಬಸ್ಟಾ ಕಾಫಿ ಹೂವಾಗುತ್ತದೆಂದು ಕಾದೆವು. ಮೊಗ್ಗು ಸ್ವಲ್ಪ ಉದ್ದವಾಗಿ, ಕೆಂಪಾಗಿ ಅಲ್ಲೇ ನಿಂತಿತು. ಕೆಲವು ಕರಟಿಹೋದವು. ಏನು ತಪ್ಪಾಯಿತು?
– ಬೆಳೆಗಾರರು, ಸೋಮವಾರಪೇಟೆ ತಾಲ್ಲೂಕು

ತಪ್ಪು ನಿಮ್ಮದಲ್ಲ, ಮಳೆ ಸಾಲಲಿಲ್ಲ. ಹೂ ಮಳೆ ಎಂದು ಕರೆಸಿಕೊಳ್ಳಲು ಕಡಿಮೆಯೆಂದರೂ 1 ಇಂಚು, ಅಂದರೆ 100 ಸೆಂಟ್ ಬೀಳಬೇಕು. ಒಂದೂವರೆ ಇಂಚು ಬಿದ್ದರೆ ನಿಶ್ಚಿಂತೆ. (ತೋಟಗಾರಿಕೆಯ ಹೊರಗಿನ ಓದುಗರಿಗೆ: 1 ಇಂಚು 25.4 ಮಿಲಿಮೀಟರ್, 1 ಸೆಂಟ್ ಎಂದರೆ ಅದರ ನೂರರಲ್ಲೊಂದು ಭಾಗ.) ನಿಮ್ಮಲ್ಲಿ ಬಿದ್ದದ್ದು ಏಳೂವರೆ ಮಿಲಿಮೀಟರ್ ಮಾತ್ರ.

ಒಳಗೆ ನಡೆಯುವುದು ಇಷ್ಟು. ಗಿಣ್ಣಿನಲ್ಲಿ ಮೂಡಿದ ಮೊಗ್ಗು ಅರ್ಧ ಸೆಂಟಿಮೀಟರಿನಷ್ಟು ಬೆಳೆದು ನಿದ್ರೆಗೆ ಜಾರುತ್ತದೆ. ಡಿಸೆಂಬರ್, ಜನವರಿಯ ಒಣಹವೆ ಈ ನಿದ್ರೆಗೆ ಬೇಕೇಬೇಕು. ಒಣಗದ ಗಿಡದಲ್ಲಿ ಹೂ ಒಟ್ಟಿಗೆ ಬರುವುದಿಲ್ಲ, ನಾಲ್ಕು ಸಲ ಚೂರುಚೂರಾಗಿ ಬರುತ್ತದೆ. ಒಣಗಿ ನಿಂತ ಗಿಡಕ್ಕೆ ಒಮ್ಮೆಲೇ ನೀರು ಸಿಕ್ಕಿ, ಹವೆಯೂ ತಂಪಾದಾಗ ಮೊಗ್ಗು ಎಚ್ಚರಗೊಂಡು ಕೆಲವೇ ದಿನಗಳಲ್ಲಿ ಮೂರು ನಾಲ್ಕು ಪಟ್ಟು ಉದ್ದವಾಗುತ್ತದೆ. ಆ ಬೆಳವಣಿಗೆಯ ಪೂರ್ತಿ ನೀರು ಬೇಕು. 30 ಸೆಂಟ್ ಮಳೆ ಮೊಗ್ಗನ್ನು ಎಬ್ಬಿಸಿತು, ಅರಳಿಸುವಷ್ಟು ನೀರು ಕೊಡಲಿಲ್ಲ. ಮೇಲಿಂದ ಬಿಸಿಲು ಏರಿತು, ಮೊಗ್ಗು ಕರಟಿತು. ಅರೇಬಿಕಾದಲ್ಲಿ ಇಂಥದೇ ಸಂದರ್ಭದಲ್ಲಿ ಗಟ್ಟಿ ಎಸಳಿನ, ಹಸಿರು ಛಾಯೆಯ ಪುಟ್ಟ ನಕ್ಷತ್ರದಂಥ ಹೂ ಕಾಣಿಸುತ್ತದೆ. ಅದು ಕಾಯಿ ಕಟ್ಟುವುದಿಲ್ಲ.

ಇನ್ನು ಮುಂದೆ ಹೀಗೆ ಅರೆಮಳೆ ಬಂದರೆ ಕೆರೆಯಲ್ಲಿ ನೀರಿದ್ದವರು ಕಾಯಬಾರದು. ಮಳೆ ನಿಂತ ಮರುದಿನವೇ ಸ್ಪ್ರಿಂಕ್ಲರ್ ಹೂಡಿ, ಮಳೆಯದೂ ಸೇರಿ ಒಟ್ಟು ಒಂದೂವರೆ ಇಂಚು ಆಗುವಂತೆ ನೋಡಿಕೊಳ್ಳಿ. ಇಷ್ಟು ಗಂಟೆ ಓಡಿಸಿದೆ ಎಂಬ ಲೆಕ್ಕವನ್ನು ನಂಬಬೇಡಿ. ಪಂಪಿನ ಒತ್ತಡ, ಜೆಟ್ಟಿನ ಸವಕಳಿ, ಗಾಳಿ ಎಲ್ಲವೂ ಪ್ರಮಾಣವನ್ನು ಬದಲಿಸುತ್ತವೆ. ನೇರ ಗೋಡೆಯ ನಾಲ್ಕೈದು ಖಾಲಿ ಡಬ್ಬಿಗಳನ್ನು ಜೆಟ್ಟಿನ ಹತ್ತಿರ, ನಡುವೆ, ಅಂಚಿನಲ್ಲಿ ಇಟ್ಟು, ನಿಂತ ನೀರನ್ನು ಸ್ಕೇಲಿನಿಂದ ಅಳೆಯಿರಿ. ಅಂಚಿನ ಡಬ್ಬಿಯಲ್ಲಿ ನಡುವಿನದರ ಅರ್ಧವೂ ಇಲ್ಲದಿದ್ದರೆ ಪೈಪುಗಳ ಅಂತರ ಹೆಚ್ಚಾಗಿದೆ ಎಂದರ್ಥ.

ಹೂವಾದ ಮೇಲೆ 15ರಿಂದ 20 ದಿನದೊಳಗೆ ಇನ್ನೊಂದು ಇಂಚು ಬ್ಯಾಕಿಂಗ್ ಮಳೆ ಬೇಕು. ಅದು ತಪ್ಪಿದರೆ ಕಟ್ಟಿದ ಮಿಡಿ ಉದುರುತ್ತದೆ. ಆದ್ದರಿಂದ ಕೆರೆಯ ನೀರನ್ನೆಲ್ಲ ಹೂವಿಗೇ ಖರ್ಚು ಮಾಡಬೇಡಿ. ಎರಡಕ್ಕೂ ಸಾಲದಷ್ಟು ನೀರಿದ್ದರೆ ಇಡೀ ತೋಟಕ್ಕೆ ಅರ್ಧರ್ಧ ಕೊಡುವುದಕ್ಕಿಂತ ಅರ್ಧ ತೋಟಕ್ಕೆ ಪೂರ್ತಿ ಕೊಡುವುದೇ ಸರಿ. ಈ ವರ್ಷ ಕರಟಿದ ಮೊಗ್ಗು ಮರಳಿ ಬರುವುದಿಲ್ಲ, ಆದರೆ ನಿದ್ರೆಯಲ್ಲೇ ಉಳಿದಿರುವ ಮೊಗ್ಗುಗಳು ಮುಂದಿನ ಒಳ್ಳೆಯ ಮಳೆಗೆ ಅರಳುತ್ತವೆ. ನಾಲ್ಕು ಕಡೆಯ ಗಿಡಗಳ ಗಿಣ್ಣು ನೋಡಿ ಹಸಿರು ಮೊಗ್ಗು ಎಷ್ಟು ಉಳಿದಿದೆ ಎಂದು ಎಣಿಸಿ, ಆಮೇಲೆ ಮುಂದಿನ ನೀರಿನ ಬಗ್ಗೆ ತೀರ್ಮಾನಿಸಿ. ತೋಟದ ಮಣ್ಣು, ತಳಿಗೆ ತಕ್ಕ ಸಲಹೆ ಬೇಕಿದ್ದರೆ ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವಿದೆ.

ಪ್ರಶ್ನೆ: ಕಾಫಿ ಹೂ ನೋಡಲು ಕೊಡಗಿಗೆ ಬರಬೇಕೆಂದಿದ್ದೇವೆ. ಯಾವ ದಿನಾಂಕಕ್ಕೆ ಕೋಣೆ ಕಾಯ್ದಿರಿಸೋಣ?
– ಓದುಗರು, ಬೆಂಗಳೂರು

ದಿನಾಂಕವನ್ನು ಮೊದಲೇ ಹಾಕಿಕೊಂಡರೆ ಹೂ ಸಿಗುವುದು ಅದೃಷ್ಟ. ಒಳ್ಳೆಯ ಮಳೆಯ ಸುದ್ದಿಗೆ ಕಾದು, ಅಲ್ಲಿಂದ ಎಣಿಸಿ: ರೋಬಸ್ಟಾ 7–8 ದಿನಕ್ಕೆ, ಅರೇಬಿಕಾ 9–10 ದಿನಕ್ಕೆ ಅರಳುತ್ತದೆ. ರೋಬಸ್ಟಾಗೆ ಫೆಬ್ರವರಿ–ಮಾರ್ಚ್, ಅರೇಬಿಕಾಗೆ ಮಾರ್ಚ್–ಏಪ್ರಿಲ್ ಸಾಮಾನ್ಯ ಕಾಲ. ಹೂ ಬೆಳ್ಳಗೆ ನಿಲ್ಲುವುದು ಎರಡು ಮೂರು ದಿನ ಮಾತ್ರ. ಮೊದಲ ದಿನ ಬೆಳಿಗ್ಗೆಯೇ ಬನ್ನಿ, ಪರಿಮಳ ಆಗ ಹೆಚ್ಚು. ಒಂದು ತೋಟದಲ್ಲಿ ಮುಗಿದಿದ್ದರೂ ಹತ್ತು ಕಿಲೋಮೀಟರ್ ಆಚೆ ಮಳೆ ಬೇರೆ ದಿನ ಬಿದ್ದಿದ್ದರೆ ಅಲ್ಲಿ ಇನ್ನೂ ಅರಳಬೇಕಿರುತ್ತದೆ, ಸ್ಥಳೀಯರನ್ನು ಕೇಳಿ. ತೋಟದೊಳಗೆ ಕೇಳದೆ ಕಾಲಿಡಬೇಡಿ. ಫೋಟೋಕ್ಕಾಗಿ ಕೊಂಬೆ ಬಗ್ಗಿಸಬೇಡಿ, ಆ ಗಿಣ್ಣುಗಳಲ್ಲಿರುವುದು ಒಂದು ವರ್ಷದ ಫಸಲು.

ಪ್ರಶ್ನೆ: ಮನೆಯಲ್ಲೇ ಮಳೆ ಅಳೆಯುವ ಸಾಧನ ಮಾಡಬಹುದೇ?
– ಪಿಯು ವಿದ್ಯಾರ್ಥಿ, ವಿರಾಜಪೇಟೆ

ಖಂಡಿತ. ಬಾಯಿಯ ಒಳವ್ಯಾಸ ಸರಿಯಾಗಿ 10 ಸೆಂಟಿಮೀಟರ್ ಇರುವ ಆಲಿಕೆಯನ್ನು ಹುಡುಕು. ಅದನ್ನು ಒಂದು ಲೀಟರ್ ಬಾಟಲಿಗೆ ಸಿಕ್ಕಿಸಿ, ಬಾಟಲಿ ವಾಲದಂತೆ ಕಲ್ಲು ಜೋಡಿಸಿದರೆ ಸಾಧನ ಸಿದ್ಧ. ಬಾಯಿಯ ವಿಸ್ತೀರ್ಣ 78.5 ಚದರ ಸೆಂಟಿಮೀಟರ್ ಆಗುವುದರಿಂದ 1 ಇಂಚು ಮಳೆಗೆ ಹೆಚ್ಚುಕಡಿಮೆ 200 ಮಿಲಿಲೀಟರ್ ನೀರು ಸೇರುತ್ತದೆ. ಅಂದರೆ 2 ಮಿಲಿಲೀಟರಿಗೆ 1 ಸೆಂಟ್. ಔಷಧಿ ಅಂಗಡಿಯ ಅಳತೆ ಲೋಟದಲ್ಲಿ ನೀರನ್ನು ಅಳೆದು ಎರಡರಿಂದ ಭಾಗಿಸಿದರೆ ಕೊಡಗಿನ ಲೆಕ್ಕದಲ್ಲೇ ಉತ್ತರ ಬರುತ್ತದೆ. ಆಲಿಕೆಯ ವ್ಯಾಸ ಬೇರೆ ಇದ್ದರೆ ಮಿಲಿಲೀಟರನ್ನು ಬಾಯಿಯ ವಿಸ್ತೀರ್ಣದಿಂದ ಭಾಗಿಸಿ 10ರಿಂದ ಗುಣಿಸು, ಮಿಲಿಮೀಟರ್ ಸಿಗುತ್ತದೆ.

ಆಲಿಕೆಯ ಬಾಯಿ ನೆಲದಿಂದ 30 ಸೆಂಟಿಮೀಟರ್ ಮೇಲೆ, ಸಮತಟ್ಟಾಗಿ ಇರಲಿ. ಸೂರಿನಿಂದ, ಮರದಿಂದ ದೂರ ಇಡು. ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಇದ್ದರೆ ಒಳ್ಳೆಯದು. ದಿನವೂ ಬೆಳಿಗ್ಗೆ 8.30ಕ್ಕೆ ನೋಡು. ಹವಾಮಾನ ಇಲಾಖೆಯ ದಿನದ ಲೆಕ್ಕವೂ ಆ ಹೊತ್ತಿನದೇ, ಹೋಲಿಸಲು ಅನುಕೂಲ. ಬೇಸಿಗೆಯಲ್ಲಿ ಎರಡು ದಿನ ಬಿಟ್ಟರೆ ಒಂದಿಷ್ಟು ಆವಿಯಾಗಿಬಿಡುತ್ತದೆ. ಆಲಿಕೆಯ ಕೊಳವೆಯಲ್ಲಿ ಎಲೆ, ಇರುವೆ ಸಿಕ್ಕಿಕೊಂಡಿವೆಯೇ ಎಂದು ಮೋಡ ಕಟ್ಟಿದಾಗಲೇ ನೋಡಿಬಿಡು. ಮೊದಲ ಮಳೆಯ ಲೆಕ್ಕ ತಪ್ಪುವುದು ಹೆಚ್ಚಾಗಿ ಇದರಿಂದಲೇ.

ಪ್ರಶ್ನೆ: ಅಂಗಳದ ಮರದ ಹೊಸ ಎಲೆಗಳೆಲ್ಲ ತಾಮ್ರದ ಬಣ್ಣಕ್ಕೆ ತಿರುಗಿ ಜೋತುಬಿದ್ದಿವೆ. ರೋಗವೇ? ಔಷಧಿ ಹೊಡೆಯಬೇಕೇ?
– ಗೃಹಿಣಿ, ಭಾಗಮಂಡಲ

ಹೊಡೆಯಬೇಡಿ ಅಮ್ಮ, ಅದು ಆರೋಗ್ಯದ ಗುರುತು. ನಾಗಸಂಪಿಗೆ, ಮಾವು, ದಾಲ್ಚಿನ್ನಿ ಮುಂತಾದ ಮರಗಳ ಎಳೆ ಎಲೆ ಹುಟ್ಟುವುದೇ ಕೆಂಪಾಗಿ. ಹಸಿರು ಇನ್ನೂ ತುಂಬದ ಎಲೆಯನ್ನು ಆ ಕೆಂಪು ಬಣ್ಣ ತೀಕ್ಷ್ಣ ಬಿಸಿಲಿನಿಂದ ಕಾಯುತ್ತದೆ. ಅಂಗಾಂಶ ಗಟ್ಟಿಯಾಗದ ಕಾರಣ ಎಲೆ ಜೋತಾಡುತ್ತದೆ. ಎರಡು ಮೂರು ವಾರದಲ್ಲಿ ಹಸಿರಾಗಿ ನೆಟ್ಟಗಾಗುತ್ತದೆ. ರೋಗವೇ ಎಂದು ಗುರುತಿಸಲು ಮೂರು ಸಂಗತಿ ನೋಡಿ: ಬಣ್ಣ ಎಲೆಯಿಡೀ ಸಮನಾಗಿದೆಯೇ, ಮುಟ್ಟಿದರೆ ಮೆತ್ತಗಿದೆಯೇ, ಕೊಂಬೆಯ ತುದಿಗಳಲ್ಲಿ ಮಾತ್ರ ಇದೆಯೇ? ಮೂರಕ್ಕೂ ಹೌದು ಎಂದಾದರೆ ಅದು ಚಿಗುರು. ಹಳೆಯ ಎಲೆಗಳಲ್ಲೂ ಕಂದು ಚುಕ್ಕೆ, ಒಣಗಿದ ಅಂಚು, ಮುಟ್ಟಿದರೆ ಪುಡಿಯಾಗುವ ಭಾಗ ಕಂಡರೆ ಮಾತ್ರ ಒಂದು ಕೊಂಬೆಯನ್ನು ತೋಟಗಾರಿಕೆ ಇಲಾಖೆಯವರಿಗೆ ತೋರಿಸಿ.

ಪ್ರಶ್ನೆ: ಚಳಿಗಾಲದಲ್ಲಿ ಕೋಗಿಲೆ ಎಲ್ಲಿಗೆ ಹೋಗುತ್ತದೆ? ಇನ್ನೊಂದು, ಬೆಳಗಿನ ಜಾವ ತೊರೆಯ ಕಡೆಯಿಂದ ಯಾರೋ ಹುಡುಗ ಸಿಳ್ಳೆ ಹಾಕಿದ ಹಾಗೆ ಕೇಳುತ್ತದೆ. ಅದು ಯಾವ ಹಕ್ಕಿ?
– ನಿವೃತ್ತ ಅಂಚೆ ನೌಕರರು, ಮಡಿಕೇರಿ

ಕೋಗಿಲೆ ಬಹುಮಟ್ಟಿಗೆ ಇಲ್ಲೇ ಇರುತ್ತದೆ, ಕೂಗುವುದನ್ನು ನಿಲ್ಲಿಸಿರುತ್ತದೆ ಅಷ್ಟೆ. ಸಂತಾನದ ಕಾಲ ಹತ್ತಿರ ಬಂದಾಗ ಕಪ್ಪು ಬಣ್ಣದ ಗಂಡು 'ಕುಹೂ' ಶುರುಮಾಡುತ್ತದೆ. ಕಂದು ಮೈಮೇಲೆ ಬಿಳಿ ಚುಕ್ಕೆಯ ಹೆಣ್ಣಿನ ಕೂಗು 'ಕಿಕ್ ಕಿಕ್ ಕಿಕ್' ಎಂದು ಬೇರೆಯೇ. ಸಿಳ್ಳೆಯ ಹಕ್ಕಿ ಮಲಬಾರ್ ಶಿಳ್ಳೆಹಕ್ಕಿ. ಕಡುನೀಲಿ ಮೈ, ಹಣೆ ಮತ್ತು ಹೆಗಲಲ್ಲಿ ಹೊಳೆಯುವ ನೀಲಿ. ರಾಗ ಮರೆತವರ ಹಾಗೆ ನಿಧಾನವಾಗಿ ಏರಿಳಿಯುವ ಸಿಳ್ಳೆ. ಹಾಡು ಕೇಳಬೇಕಾದರೆ ಬೆಳಕು ಹರಿಯುವ ಮೊದಲೇ ಹೋಗಿ, ಬಿಸಿಲೇರಿದ ಮೇಲೆ ಹೆಚ್ಚಾಗಿ ಸುಮ್ಮನಾಗಿಬಿಡುತ್ತದೆ.

ಒಂದೇ ಹಕ್ಕಿಯ ಕೂಗನ್ನು ವಸಂತದ ಗುರುತಾಗಿ ಇಟ್ಟುಕೊಳ್ಳುವುದಾದರೆ ಕೋಗಿಲೆಗಿಂತ ಮಡಿವಾಳ ಹಕ್ಕಿ ನಂಬಿಕಸ್ಥ. ಚಳಿಗಾಲವಿಡೀ ಚಿರ್ರೆಂದಷ್ಟೇ ಇದ್ದ ಗಂಡು ಫೆಬ್ರವರಿ–ಮಾರ್ಚ್‌ನಲ್ಲಿ ತಂತಿಯ ಮೇಲೋ ಮರದ ತುದಿಯಲ್ಲೋ ಕುಳಿತು ಪೂರ್ತಿ ಹಾಡುತ್ತದೆ. ಕುಟ್ರು ಹಕ್ಕಿ ಗುರುತಿಗೆ ಅಷ್ಟು ಒಳ್ಳೆಯದಲ್ಲ, ಡಿಸೆಂಬರ್‌ನಿಂದಲೇ ಕೂಗುತ್ತಿರುತ್ತದೆ. ಹೊರಟುಹೋಗುವವರನ್ನೂ ಗಮನಿಸಿ. ತೊರೆಯ ಬಂಡೆಗಳ ಮೇಲೆ ಬಾಲ ಕುಣಿಸುವ ಹಳದಿ ಹೊಟ್ಟೆಯ ಸಿಪಿಲೆ, ಮುಸ್ಸಂಜೆ ಪೊದೆಯಡಿ ಕೂಗುವ ನವರಂಗ, ಎರಡೂ ಚಳಿಗಾಲದ ಅತಿಥಿಗಳು. ಏಪ್ರಿಲ್ ಮುಗಿಯುವಷ್ಟರಲ್ಲಿ ಉತ್ತರಕ್ಕೆ ಹೊರಡುತ್ತವೆ. ಕೊನೆಯ ಸಲ ಕಂಡ ದಿನ ಯಾವುದೆಂದು ಮುಂಚೆ ಗೊತ್ತಾಗದ್ದರಿಂದ ಕಂಡ ಪ್ರತಿ ದಿನವೂ ಬರೆದಿಡಬೇಕು.

ಪ್ರಶ್ನೆ: ಮನೆಯ ಜಗಲಿಯ ಕಂಬದಲ್ಲಿ ಜೇನು ಗುಂಪಾಗಿ ಬಂದು ಕುಳಿತಿದೆ. ಮಕ್ಕಳಿದ್ದಾರೆ, ಓಡಿಸುವುದು ಹೇಗೆ?
– ಓದುಗರು, ಮೂರ್ನಾಡು

ಮೊದಲು ಯಾವ ಜೇನು ಎಂದು ದೂರದಿಂದಲೇ ನೋಡಿ. ನೊಣ ಒಂದು ಸೆಂಟಿಮೀಟರಿನಷ್ಟಿದ್ದರೆ ತುಡುವೆ. ಅದರ ಒಂದೂವರೆ ಪಟ್ಟಿಗಿಂತ ಉದ್ದವಿದ್ದರೆ ಹೆಜ್ಜೇನು, ಅದರ ಸುದ್ದಿಗೆ ಹೋಗದೆ ಮಕ್ಕಳನ್ನು ಒಳಗಿರಿಸಿ. ಹೊಗೆ, ಬೆಂಕಿ, ಸೀಮೆಎಣ್ಣೆ ಎರಡಕ್ಕೂ ಕೂಡದು.

ತುಡುವೆಯಾಗಿದ್ದರೆ ಅದು ಪಾಲಾಗಿ ಬಂದ ಕುಟುಂಬ. ಫೆಬ್ರವರಿಯಿಂದ ಹೂ ಹೆಚ್ಚಿದಂತೆ ಗೂಡು ತುಂಬುತ್ತದೆ, ಹಳೆಯ ರಾಣಿ ಸುಮಾರು ಅರ್ಧ ನೊಣಗಳೊಂದಿಗೆ ಹೊರಬೀಳುತ್ತದೆ. ಹೊಸ ಮನೆ ಸಿಗುವವರೆಗೆ ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ ಹೀಗೆ ತೂಗಿಕೊಂಡಿರುತ್ತದೆ. ಕಾಪಾಡಲು ಗೂಡಾಗಲಿ ಮರಿಗಳಾಗಲಿ ಇಲ್ಲದ್ದರಿಂದ ಆಗ ಅದು ಸೌಮ್ಯ. ಊರಿನ ಜೇನು ಕೃಷಿಕರಿಗೆ ಹೇಳಿಕಳಿಸಿ, ಸಂತೋಷದಿಂದ ಬರುತ್ತಾರೆ. ಅವರು ಸಂಜೆ ಹೊತ್ತಿಗೆ ನೊಣಗಳ ಮೇಲೆ ತೆಳುವಾಗಿ ನೀರು ಚಿಮುಕಿಸಿ, ಹಳೆಯ ಎರಿ ಇರುವ ಪೆಟ್ಟಿಗೆಗೆ ಇಳಿಸಿ, ರಾಣಿ ಒಳಗಾಯಿತೇ ಎಂದು ಖಚಿತಪಡಿಸಿಕೊಳ್ಳುತ್ತಾರೆ. ರಾಣಿ ಹೊರಗುಳಿದರೆ ಉಳಿದವೆಲ್ಲ ಮತ್ತೆ ಕಂಬಕ್ಕೇ ಬರುತ್ತವೆ. ನಾಲ್ಕೈದು ದಿನ ಬಾಗಿಲಿಗೆ ರಾಣಿ ತಡೆಗೇಟು, ಸಂಜೆ ಸಮಪಾಲು ನೀರು–ಸಕ್ಕರೆಯ ಪಾಕ ಕೊಟ್ಟರೆ ಕುಟುಂಬ ನೆಲೆಯೂರುತ್ತದೆ.

ಪೆಟ್ಟಿಗೆ ಇಟ್ಟಿರುವವರಿಗೂ ಒಂದು ಮಾತು: ಈ ತಿಂಗಳು ವಾರಕ್ಕೊಮ್ಮೆ ಎರಿಯ ಕೆಳಅಂಚು ನೋಡಿ. ಕಡಲೆಕಾಯಿ ಗಾತ್ರದ ರಾಣಿಕೋಶ ಕಂಡರೆ ಪಾಲಾಗುವ ಸಿದ್ಧತೆ ನಡೆದಿದೆ ಎಂದರ್ಥ. ಜಾಗ ಕೊಡಿ, ಇಲ್ಲವೇ ನೀವೇ ಪಾಲು ಮಾಡಿ. ರೋಬಸ್ಟಾಗೆ ಪರಾಗಸ್ಪರ್ಶ ಬೇರೆ ಗಿಡದಿಂದಲೇ ಆಗಬೇಕು, ಗಾಳಿಯ ಜೊತೆ ಜೇನೂ ಆ ಕೆಲಸ ಮಾಡುತ್ತದೆ. ಆದ್ದರಿಂದ ಹೂವಿನ ದಿನಗಳಲ್ಲಿ ತೋಟಕ್ಕೆ ಯಾವ ಕೀಟನಾಶಕವನ್ನೂ ಸಿಂಪಡಿಸಬಾರದು, ಸ್ಪ್ರಿಂಕ್ಲರ್ ಕೂಡ ನಿಲ್ಲಿಸಬೇಕು.

ಪ್ರಶ್ನೆ: ಕೆಲಸದ ಮೇಲೆ ಶಿಮ್ಲಾದಲ್ಲಿದ್ದೇವೆ. ಊರಿನ ಹಾಗೆ ಇಲ್ಲಿ ಏನನ್ನು ನೋಡಿ ವಸಂತ ಎನ್ನಬೇಕು?
– ಹಾಸನ ಮೂಲದ ಓದುಗರು, ಶಿಮ್ಲಾ

ಅಲ್ಲಿ ಮರಗಳನ್ನು ಎಬ್ಬಿಸುವ ಕ್ರಮವೇ ಬೇರೆ. ಕೊಡಗಿನ ಕಾಫಿ ಮೊಗ್ಗಿಗೆ ಒಣಹವೆ ಆಮೇಲೆ ನೀರು ಬೇಕಾದರೆ, ಶಿಮ್ಲಾದ ಸೇಬಿನ ಮೊಗ್ಗಿಗೆ ಚಳಿ ಆಮೇಲೆ ಬಿಸಿ ಬೇಕು. ಹಳೆಯ ಸೇಬು ತಳಿಗಳಿಗೆ ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿ ಸಾವಿರ ಗಂಟೆಯ ಆಸುಪಾಸು ಸಿಗದಿದ್ದರೆ ಹೂ ಸರಿಯಾಗಿ ಬರುವುದಿಲ್ಲ. ಮೊದಲು ಕಾಡಿನಲ್ಲಿ ಬುರಾಂಶದ (ರೋಡೊಡೆಂಡ್ರಾನ್ ಮರದ) ಕೆಂಪು ಗೊಂಚಲು ನೋಡಿ, ಫೆಬ್ರವರಿ ಕೊನೆಯಿಂದ ಕೆಳಗಿನ ಇಳಿಜಾರುಗಳಲ್ಲಿ ಶುರುವಾಗಿ ಮೇಲೇರುತ್ತದೆ. ಆಮೇಲೆ ಎಲೆಯಿಲ್ಲದ ಕೊಂಬೆಗಳಲ್ಲಿ ಏಪ್ರಿಕಾಟ್, ಪ್ಲಮ್ ಹೂ. ಸೇಬಿನದು ಏಪ್ರಿಲ್ ಸುಮಾರಿಗೆ. ಸೇಬಿನ ಮೊಗ್ಗು ಮೊದಲು ಬೆಳ್ಳಿ ತುದಿ, ಆಮೇಲೆ ಹಸಿರು ತುದಿ, ನಂತರ ಗುಲಾಬಿ ಮೊಗ್ಗು ಎಂದು ಹಂತಹಂತವಾಗಿ ತೆರೆದುಕೊಳ್ಳುತ್ತದೆ, ಬೆಳೆಗಾರರು ಸಿಂಪಡಣೆಯನ್ನು ನಿರ್ಧರಿಸುವುದು ಈ ಹಂತಗಳಿಂದಲೇ. ಪೂರ್ತಿ ಅರಳಿದ ಹೂವಿಗೆ ಸೊನ್ನೆಗಿಂತ ಎರಡು ಡಿಗ್ರಿ ಕೆಳಗಿನ ಒಂದು ರಾತ್ರಿಯೇ ಹಾನಿ ಮಾಡಬಲ್ಲದು. ಹಾಗಾಗಿ ಬೇಗ ಬಂದ ವಸಂತ ಅಲ್ಲಿಯ ಬೆಳೆಗಾರರಿಗೆ ಆತಂಕದ ವಿಷಯ. ಅವರ ಮುಂದೆ 'ಈ ಸಲ ಹೂ ಎಷ್ಟು ಬೇಗ ಬಂತು' ಎಂದು ಸಂಭ್ರಮಿಸುವ ಮೊದಲು ತೋಟದ ಸ್ಥಿತಿ ವಿಚಾರಿಸಿ.